ಐಸಿಯು ಹೊರಗ ಕುಂತವರ ಕೈಗೆ ಕೊಡೂ ಪ್ರಾರ್ಥನಿ ಹಾಳಿ: ಅದರಾಗ ಏನ ಇರಬೇಕು?

ಭೆಟ್ಟಿತಂಡ_ಕೇಶ್ವಾಪುರ
ಎಲ್ಲಾರಿಗೂ ನಮಸ್ಕಾರ್ರಿ. ನಮ್ಮ ಸಭೆಯ ಭೆಟ್ಟಿ ತಂಡದಿಂದ ಒಂದು ಹಾಳಿ ಅಚ್ಚು ಹಾಕಿಸೂದೈತಿ. ಎ4 ಅಳತಿ, ಎರಡೂ ಮಗ್ಗಲು, ಅಷ್ಟ. ಗದಗ, ಹಾವೇರಿ, ನವಲಗುಂದ ಕಡೆಯಿಂದ ಪೇಶಂಟ್ ಕರಕೊಂಡು ಹುಬ್ಬಳ್ಳಿ ದವಾಖಾನಿಗೆ ಬಂದು, ಮೂರು ನಾಕು ದಿನ ಐಸಿಯು ಬಾಗಲಾ ನೋಡಿಕೋತ ಕುಂದರೂ ಕ್ರೈಸ್ತ ಮಂದಿಗೆ ಕೊಡಾಕ. ಈಗಿನ ಕರಡಿನ್ಯಾಗ 15 ವಚನ ಅದಾವು, ಆಮ್ಯಾಲೆ ಒಂದು ಪುಟದಷ್ಟು ಉದ್ದನ ಪ್ರಾರ್ಥನಿ. ಕೊಟ್ಟಲ್ಲೆಲ್ಲಾ ಬರೂ ಮಾತು ಒಂದ: ಓದಾಕ ಹತ್ತಿದ್ರ ಎರಡನೇ ಸಾಲಿಗೆ ಕಣ್ಣು ನಿಲ್ಲೂದಿಲ್ಲ, ಪ್ರಾರ್ಥನಿಗೆ ಕುಂತಷ್ಟೂ ಎದಿ ಜಾಸ್ತಿ ಬಡಕೋತೈತಿ, ಅಂದಮ್ಯಾಲೆ ನಮ್ಮ ವಿಶ್ವಾಸನ ಕಮ್ಮಿ ಐತೇನು ಅಂತ ಅಂಜಿಕಿ. ಏನ ತಗೀಬೇಕು, ಏನ ಹಾಕಬೇಕು? ಗೊತ್ತಿದ್ದವರು ಹೇಳ್ರಿ.

ಧಾರವಾಡ_ಮಳಿ
ಮೊದಲ ಆ ಉದ್ದನ ಪ್ರಾರ್ಥನಿ ತಗೀರಿ. ಆ ಹೊತ್ತಿನ್ಯಾಗ ಯಾರಿಗೂ ಓದಲಿಕ್ಕೆ ಆಗೂದಿಲ್ಲ.

ರೈಲ್ವೆ_ಕಾಲನಿ
15 ವಚನ ಯಾಕ್ರೀ? ಸತ್ಯವೇದದ 23ನೇ ಕೀರ್ತನೆ ಒಂದ ಸಾಕು. ಎಲ್ಲಾರಿಗೂ ಬಾಯಿಪಾಠ ಇರತೈತಿ, ಕಣ್ಣು ಮಂಜಾದ್ರೂ ನಾಲಿಗಿ ತಾನ ನಡೀತೈತಿ.

ಸಾಧನಕೇರಿ
23 ಇರಲಿ, ಆದರೆ ಮೊದಲಿಗೇ ಬೇಡ. ತಪ್ಪಾಗುವುದು ಅಲ್ಲೇ. ಎದೆಯೊಳಗೆ ಬೆಂಕಿ ಬಿದ್ದವರ ಕೈಗೆ ನೇರವಾಗಿ ಅದರ ಹಸಿರು ಹುಲ್ಲುಗಾವಲಿನ ಮಾತು ಕೊಟ್ಟರೆ, "ನನಗೆ ಹಾಗೆ ಅನಿಸುತ್ತಿಲ್ಲವಲ್ಲ" ಎಂಬ ಇನ್ನೊಂದು ಭಾರ ಸೇರಿಕೊಳ್ಳುತ್ತದೆ. 150 ಕೀರ್ತನೆಗಳಲ್ಲಿ ದೊಡ್ಡ ಪಾಲು ಗೋಳಾಟದವು, ದೂರು ಹೇಳುವಂಥವು. ಅವನ್ನು ನಾವು ಭಾನುವಾರ ಹಾಡುವುದೂ ಕಡಿಮೆ, ಮನೆಕೂಟದಲ್ಲಿ ಓದುವುದಂತೂ ಇಲ್ಲವೇ ಇಲ್ಲ.

ನನ್ನ ಸಲಹೆ 13ನೇ ಕೀರ್ತನೆ. ಬರೀ ಆರು ವಚನ. ಅದರ ನಡೆ ನೋಡಿ. ಮೊದಲೆರಡು ವಚನಗಳಲ್ಲಿ "ಎಲ್ಲಿಯತನಕ" ಎಂಬ ಕೇಳಿಕೆ ನಾಲ್ಕು ಸಲ ಬರುತ್ತದೆ. ಮೂರು, ನಾಲ್ಕರಲ್ಲಿ ಬೇಡಿಕೆ: ನೋಡು, ಉತ್ತರ ಕೊಡು, ಕಣ್ಣಿಗೆ ಬೆಳಕು ಕೊಡು. ಭರವಸೆಯ ಮಾತು ಬರುವುದು ಐದರಲ್ಲಿ. ಅಂದರೆ ಬರೆದವನೇ ದೂರಿಗೆ ಎರಡು ವಚನ, ಬೇಡಿಕೆಗೆ ಎರಡು, ಭರವಸೆಗೆ ಎರಡು ಎಂದು ಅಳೆದು ಇಟ್ಟಿದ್ದಾನೆ. ನಾವು ಮೊದಲ ನಾಲ್ಕನ್ನು ಹಾರಿಸಿ ಐದಕ್ಕೆ ಹೋಗುತ್ತೇವೆ, ಆಮೇಲೆ ಸಮಾಧಾನ ಬರಲಿಲ್ಲ ಎನ್ನುತ್ತೇವೆ.

ಬೆಟಗೇರಿ_ಮಗ್ಗ
ಸಾಧನಕೇರಿ ಸರ್ ಹೇಳಿದ್ದು ಖರೇ. ಅದಕ್ಕ ಇನ್ನೊಂದು ಸೇರಸ್ತೀನಿ. 88ನೇ ಕೀರ್ತನೆಯೊಳಗ ಆ ತಿರುವೂ ಇಲ್ಲ, ಕತ್ತಲಿ ಅನ್ನೂ ಮಾತಿಗೇ ಮುಗೀತೈತಿ. ಅಂಥಾದ್ದೂ ಸತ್ಯವೇದದಾಗ ಐತಿ ಅಂತ ಗೊತ್ತಾದ್ರ ಸಾಕು, "ನನ್ನ ವಿಶ್ವಾಸ ಕಮ್ಮಿ" ಅನ್ನೂ ಅಂಜಿಕಿ ಅರ್ಧ ಇಳೀತೈತಿ. ಅಚ್ಚಿನ್ಯಾಗ ಅದನ್ನ ಪೂರ್ತಿ ಹಾಕಬ್ಯಾಡ್ರಿ, ಭಾಳ ಕಪ್ಪಾಗತೈತಿ. ಒಂದು ಸಾಲಿನ್ಯಾಗ ಅದರ ಸುದ್ದಿ ಹೇಳ್ರಿ ಅಷ್ಟ.

ಜೀವಜಲ_ಗೋಕುಲ
ಕ್ಷಮಿಸ್ರಿ, ನನ್ನದು ಬ್ಯಾರೆ ಅಭಿಪ್ರಾಯ. ಅಚ್ಚು ಹಾಕಿದ್ದನ್ನ ಓದೂದು ಪ್ರಾರ್ಥನಿ ಹೆಂಗ ಆಗತೈತಿ? ಮತ್ತಾಯ 6:7ರಾಗ ಸ್ವಾಮಿನ ಹೇಳ್ಯಾನ, ಸುಮ್ಮ ಸುಮ್ಮನ ಅದನ್ನ ಅದನ್ನ ಹೇಳಬ್ಯಾಡ್ರಿ ಅಂತ. ಎದಿಯಿಂದ ಬಂದ ಮಾತು ಆಡಾಕ ಹಚ್ಚರಿ ಮಂದಿಗೆ. ಹಾಳಿ ಗೀಳಿ ಯಾಕ?

ಸಾಧನಕೇರಿ
ಅದೇ ಅಧ್ಯಾಯದ ಒಂಬತ್ತನೇ ವಚನಕ್ಕೆ ಬನ್ನಿ. ಎರಡು ವಚನ ದಾಟುತ್ತಿದ್ದಂತೆ ಅದೇ ಬಾಯಿಂದ ಸಿದ್ಧವಾದ ಪ್ರಾರ್ಥನೆ ಬಂತು, "ಪರಲೋಕದಲ್ಲಿರುವ ನಮ್ಮ ತಂದೆಯೇ" ಎಂದು. ಏಳನೇ ವಚನ ಬಯ್ಯುವುದು ಮಾತು ಹೆಚ್ಚಾದರೆ ದೇವರು ಕೇಳುತ್ತಾನೆ ಎಂಬ ಲೆಕ್ಕಾಚಾರವನ್ನು. ಗೆತ್ಸೆಮನೆ ತೋಟದಲ್ಲಿ ಯೇಸು ಮೂರನೆಯ ಸಲವೂ ಅದೇ ಮಾತು ಹೇಳಿ ಪ್ರಾರ್ಥಿಸಿದ ಎಂದು ಮತ್ತಾಯ 26:44 ಹೇಳುತ್ತದೆ. ಶಿಲುಬೆಯ ಮೇಲೆ ಬಂದ ಕೂಗು 22ನೇ ಕೀರ್ತನೆಯ ಮೊದಲ ಮಾತು. ಅತಿ ಹೆಚ್ಚು ನೋವಿನ ಹೊತ್ತಿನಲ್ಲಿ ಆತನೂ ಹಳೆಯ ಮಾತನ್ನೇ ಹಿಡಿದ.

ಜೀವಜಲ_ಗೋಕುಲ
22ರದ್ದು ಒಪ್ಪತೀನಿ. ಆದ್ರ ಸ್ವಂತ ಮಾತಿಗೂ ಜಾಗಾ ಬಿಡ್ರಿ. ಹಾಳಿಯೊಳಗ ನಾಕು ಖಾಲಿ ಗೆರಿ ಹಾಕ್ರಿ, "ನನಗ ಈಗ ಬೇಕಾದದ್ದು" ಅಂತ ಬರಕೊಳ್ಳಾಕ.

ಭೆಟ್ಟಿತಂಡ_ಕೇಶ್ವಾಪುರ
ಖಾಲಿ ಗೆರಿ ಚೊಲೋ ಐತ್ರಿ. ಹಾಕ್ತೀವಿ.

ವಾರ್ಡ್_ಸಿಸ್ಟರ್
ಹಾಳಿ ಮಾತು ಆಗಲಿ, ಅದಕ್ಕಿಂತ ಮೊದಲ ಭೆಟ್ಟಿ ತಂಡಕ್ಕ ಕೆಲವು ಮಾತು. ಐಸಿಯು ಒಳಗ ಒಬ್ಬರು, ಹೆಚ್ಚಂದ್ರ ಇಬ್ಬರು. ಒಳಗ ಹೋಗೂ ಮೊದಲ ಕೈ ತೊಳಕೋರಿ, ಬರೂವಾಗೂ ತೊಳಕೋರಿ. ಐದು ನಿಮಿಷಕ್ಕಿಂತ ಹೆಚ್ಚು ನಿಲ್ಲಬ್ಯಾಡ್ರಿ. ದನಿ ಬಾಜೂ ಹಾಸಿಗಿಗೆ ಕೇಳಬಾರದು. ಸಲೈನ್ ಹಾಕಿದ ಕೈ ಹಿಡೀಬ್ಯಾಡ್ರಿ, ಇನ್ನೊಂದು ಕೈ ಹಿಡೀರಿ, ಅದೂ ಕೇಳಿ. ಎಚ್ಚರ ಇಲ್ಲದ ಪೇಶಂಟ್ ಮುಂದ "ಇನ್ನ ಆಸೆ ಇಲ್ಲಂತ" ಅನ್ನೂ ಮಾತು ಆಡಲೇಬ್ಯಾಡ್ರಿ, ಕಿವಿ ಕೇಳತಿರಬಹುದು. ಮಾನಿಟರ್ ನೋಡಿ ಅರ್ಥ ಹೇಳಬ್ಯಾಡ್ರಿ.

ಪ್ರಾರ್ಥನಿ ಮಾಡಿ ಹಚ್ಚೂ ಎಣ್ಣಿ ಸುದ್ದಿ: ಆಕ್ಸಿಜನ್ ಹಚ್ಚಿದವರ ಮುಖಕ್ಕ ಎಣ್ಣಿ ಸವರಬಾರದು. ಮೇಣದಬತ್ತಿ ಅಂತೂ ಬೇಡವೇ ಬೇಡ, ಆಕ್ಸಿಜನ್ ಇದ್ದಲ್ಲಿ ಸಣ್ಣ ಕಿಡಿನೂ ದೊಡ್ಡ ಬೆಂಕಿ ಆಗತದ. ಎಣ್ಣಿ ಹಚ್ಚೂದ ಆದ್ರ ಡ್ಯೂಟಿ ಸಿಸ್ಟರ್‌ನ ಕೇಳಿ ಅಂಗೈಗೆ ಒಂದು ಹನಿ.

ಜಪಸರ_ಹುಬ್ಬಳ್ಳಿ
ಕಥೋಲಿಕರಿಗೆ ಒಂದು ಸೂಚನೆ ಸೇರಿಸಿ. ರೋಗಿಗಳ ಅಭ್ಯಂಗ ಸಂಸ್ಕಾರವನ್ನು, ಅಂದರೆ ಪವಿತ್ರ ಎಣ್ಣೆ ಹಚ್ಚಿ ಪ್ರಾರ್ಥಿಸುವ ವಿಧಿಯನ್ನು, ಕೊಡುವುದು ಫಾದರ್ ಮಾತ್ರ, ಭೇಟಿ ತಂಡದವರು ಎಣ್ಣೆ ಹಚ್ಚಿದರೆ ಅದು ಸಂಸ್ಕಾರವಾಗದು. ಅದನ್ನು ಕೊನೆಯ ಉಸಿರಿನ ಹೊತ್ತಿಗೆ ಎಂದು ಮುಂದೂಡುವುದು ದೊಡ್ಡ ತಪ್ಪು. ದೊಡ್ಡ ಆಪರೇಷನ್ನಿನ ಹಿಂದಿನ ದಿನವೇ, ರೋಗಿಗೆ ಎಚ್ಚರವಿದ್ದಾಗಲೇ ಕರೆಸಬಹುದು. ಆಗ ಪಾಪನಿವೇದನೆಯನ್ನೂ ಮಾಡಬಹುದು, ಪರಮಪ್ರಸಾದವನ್ನೂ ಸ್ವೀಕರಿಸಬಹುದು. "ಫಾದರ್ ಬಂದರೆ ಅಪ್ಪ ಹೆದರುತ್ತಾರೆ" ಎಂದು ತಡ ಮಾಡಬೇಡಿ.

ಹಾವೇರಿ_ಏಲಕ್ಕಿ
ಜಪಸರದವರೇ, ಕೈಯಾಗ ಮಣಿ ಇದ್ರ ಮನಸ್ಸು ನಿಲ್ಲತೈತಿ ಅಂತಾರಲ್ಲ, ಅದರ ಹಿಂದ ಏನರ ಕಾರಣ ಐತೇನ್ರಿ?

ಜಪಸರ_ಹುಬ್ಬಳ್ಳಿ
ಇದೆ. 2001ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಇಟಲಿಯ ಸಂಶೋಧಕರ ಅಧ್ಯಯನ ಬಂತು. 23 ಆರೋಗ್ಯವಂತರಿಂದ ಲ್ಯಾಟಿನ್ ಜಪಸರವನ್ನೂ (ಮಣಿ ಎಣಿಸುತ್ತ ಹೇಳುವ ಮರಿಯಮ್ಮನ ಪ್ರಾರ್ಥನೆ) ಯೋಗದ ಮಂತ್ರವನ್ನೂ ಹೇಳಿಸಿದರು. ಎರಡರಲ್ಲೂ ಉಸಿರು ನಿಮಿಷಕ್ಕೆ ಸುಮಾರು ಆರಕ್ಕೆ ಇಳಿಯಿತು, ಎದೆಬಡಿತದ ಲಯವೂ ಅದರ ಜೊತೆ ಕೂಡಿತು. ಒಂದು "ನಮೋ ಮರಿಯಾ" ಪ್ರಾರ್ಥನೆ ಪೂರ್ತಿ ಹೇಳಲು ಹಿಡಿದದ್ದು ಹತ್ತಿರ ಹತ್ತಿರ 10 ಸೆಕೆಂಡು. ಅಧ್ಯಯನ ಸಣ್ಣದು, ಲ್ಯಾಟಿನ್‌ನಲ್ಲಿ ಆದದ್ದು. ಕನ್ನಡದಲ್ಲಿ ಹೇಳುವಾಗ ನಿಮ್ಮ ಉಸಿರಿಗೆ ತಕ್ಕಂತೆ ನಡುವೆ ನಿಲ್ಲಿಸಿಕೊಳ್ಳಿ.

ಗೊತ್ತಿಲ್ಲದವರಿಗೆ ಜಪಸರದ ಲೆಕ್ಕ: ಐದು ದಶಕ, ದಶಕಕ್ಕೆ ಹತ್ತು, ಆರಂಭದ ಮೂರು ಸೇರಿ 53 ನಮೋ ಮರಿಯಾ, ಆರು ಪರಲೋಕ ಪ್ರಾರ್ಥನೆ. ಮಂಗಳವಾರ, ಶುಕ್ರವಾರ ದುಃಖದ ರಹಸ್ಯಗಳು (ಯೇಸುವಿನ ಕಷ್ಟಗಳ ಧ್ಯಾನ), ಅದರಲ್ಲಿ ಮೊದಲನೆಯದೇ ತೋಟದ ಸಂಕಟ. ಪೂರ್ತಿ ಮಾಡಲು 20 ನಿಮಿಷ ಬೇಕು. ಐಸಿಯು ಹೊರಗೆ ಅಷ್ಟು ಆಗದಿದ್ದರೆ ಒಂದು ದಶಕ ಸಾಕು, ಬಿಟ್ಟದ್ದಕ್ಕೆ ಪಾಪವೇನೂ ಇಲ್ಲ.

ರೈಲ್ವೆ_ಕಾಲನಿ
ನಮ್ಮ ಕಡೆ ಮಣಿ ಇಲ್ಲ. ಅದಕ್ಕ ಬದಲಿ ಏನೈತಿ?

ಧಾರವಾಡ_ಮಳಿ
ಯೇಸು ಪ್ರಾರ್ಥನಿ ಅದ ಅಲ್ರೀ. ಪೂರ್ವದ ಆರ್ಥಡಾಕ್ಸ್ ಸಭೆಯವರು ನೂರಾರು ವರ್ಷದಿಂದ ಮಾಡಿಕೋತ ಬಂದದ್ದು. "ಕರ್ತನಾದ ಯೇಸು ಕ್ರಿಸ್ತನೇ, ದೇವರ ಮಗನೇ" ಅನ್ನೂದು ಉಸಿರು ತಗೊಳ್ಳೂವಾಗ. "ಪಾಪಿಯಾದ ನನ್ನನ್ನು ಕರುಣಿಸು" ಅನ್ನೂದು ಬಿಡೂವಾಗ. ಮೂಲ ಲೂಕ 18ರಾಗ ಸುಂಕದವನ ಮಾತು, ಯೆರಿಕೋ ಹತ್ರದ ಕುರುಡನ ಕೂಗು. ಎರಡೂ ಒಂದ ಅಧ್ಯಾಯ.

ಅಳತಿ: ಒಳಗ ನಾಕು ಎಣಿಕಿ, ಹೊರಗ ಆರು ಎಣಿಕಿ. ಬೆನ್ನು ಗ್ವಾಡಿಗೆ ತಾಗಿರಬೇಕು, ಎರಡೂ ಪಾದ ನೆಲಕ್ಕ. ಹತ್ತು ಉಸಿರಿಗೆ ಒಂದು ಬೆರಳು ಮಡಚರಿ, ಐದು ಬೆರಳಿಗೆ ಎಂಟೂವರಿ ನಿಮಿಷದ ಸುತ್ತ ಆಗತದ. ಕೆಡೂದು ಎಲ್ಲೆ ಅಂದ್ರ, ಕೆಲವರು ಜೋರಾಗಿ, ಆಳಕ್ಕ ಉಸಿರು ಎಳೀತಾರ. ಆಗ ರಕ್ತದಾಗಿನ ಕಾರ್ಬನ್ ಡೈಆಕ್ಸೈಡ್ ಇಳದು ತಲಿ ತಿರಗತದ, ಬೆರಳ ತುದಿ ಜುಮ್ ಅಂತದ, ಅಂಜಿಕಿ ಇನ್ನೂ ಏರತದ. ಉಸಿರು ಸಣ್ಣದಿರಲಿ, ಬಿಡೂದು ಉದ್ದ ಇರಲಿ. ಜುಮ್ ಅಂದ ಕೂಡಲೇ ಎಣಿಕಿ ಬಿಟ್ಟು ಸಹಜ ಉಸಿರಿಗೆ ಬರಬೇಕು, ಮಾತು ಮಾತ್ರ ಮುಂದುವರಸಬೇಕು.

ಜೀವಜಲ_ಗೋಕುಲ
ಇದು ಉಸಿರಾಟದ ವ್ಯಾಯಾಮ ಆತಲ್ರೀ. ಕ್ರಿಸ್ತನ ಸಮಾಧಾನ ಬ್ಯಾರೆ, ನರ ತಣ್ಣಗಾಗೂದು ಬ್ಯಾರೆ.

ಧಾರವಾಡ_ಮಳಿ
ಬ್ಯಾರೆ ಖರೆ. ಆದ್ರ ದೇವರು ಮಾತು ಮತ್ತ ಮೈ ಎರಡೂ ಕೊಟ್ಟಾನ. 1 ಅರಸು 19ರಾಗ ಎಲೀಯ ಸಾಯತೀನಿ ಅಂದಾಗ ದೂತ ಮೊದಲ ಏನ ಮಾಡಿದ? ಉಪದೇಶ ಮಾಡಲಿಲ್ಲ. ಕೆಂಡದ ಮ್ಯಾಲೆ ಸುಟ್ಟ ರೊಟ್ಟಿ, ಒಂದು ತಂಬಿಗಿ ನೀರು. ತಿಂದ, ಮತ್ತ ಮಲಗಿದ. ಎರಡನೇ ಸಲ ಎಬ್ಬಿಸಿ ಮತ್ತ ತಿನ್ನಿಸಿದ. ಮೆಲುದನಿ ಕೇಳಿಸಿದ್ದು ಆಮ್ಯಾಲೆ, 40 ದಿನ ನಡದು ಹೋದ ಮ್ಯಾಲೆ.

ಬೆಟಗೇರಿ_ಮಗ್ಗ
ಹೌದ್ರಿ, ಭೆಟ್ಟಿ ತಂಡದವರು ಬರೀ ಹಾಳಿ ಹಿಡಕೊಂಡು ಹೋಗಬ್ಯಾಡ್ರಿ. ರೊಟ್ಟಿ, ಪಲ್ಯ, ಮೊಸರಿನ ಬುತ್ತಿ ಒಯ್ಯರಿ. ಎರಡು ದಿನ ಬರೀ ಚಹಾದ ಮ್ಯಾಲೆ ಇದ್ದವರಿಗೆ ಪ್ರಾರ್ಥನಿಗೆ ಕುಂತರ ಎದಿ ಬಡಕೊಳ್ಳೂದು ಸಹಜ. ಆ ಚಹಾ, ನಿದ್ದಿಗೇಡು, ಖಾಲಿ ಹೊಟ್ಟಿ ಮೂರೂ ಕೂಡಿ ಮಾಡೂ ಕೆಲಸ ಅದು. ಮೇಲಿನ ಪೋಸ್ಟಿನ್ಯಾಗ ಕೇಳಿದ್ದಕ್ಕ ಇದೂ ಒಂದು ಉತ್ತರ.

ವಾರ್ಡ್_ಸಿಸ್ಟರ್
ಉಪವಾಸ ಪ್ರಾರ್ಥನಿ ಸುದ್ದಿನೂ ಹೇಳೇ ಬಿಡ್ತೀನಿ. ಸಕ್ಕರಿ ರೋಗಕ್ಕ ಇನ್ಸುಲಿನ್ ಅಥವಾ ಗುಳಿಗಿ ತಗೊಳ್ಳೂವವರು ಡಾಕ್ಟರ್ ಕೇಳದ ಉಪವಾಸ ಮಾಡಬಾರದು. ರಕ್ತದಾಗಿನ ಸಕ್ಕರಿ 70ಕ್ಕಿಂತ ಕೆಳಗ ಹೋದ್ರ ಬೆವರು, ನಡುಕ, ಗಾಬರಿ. ಅದನ್ನ ಮಂದಿ ಆತ್ಮದ ಸ್ಪರ್ಶ ಅಂತನೂ ತಿಳಕೋತಾರ, ಸೈತಾನನ ಕಾಟ ಅಂತನೂ ತಿಳಕೋತಾರ. ಎಚ್ಚರ ಇದ್ರ ಮೂರು ಟೀ ಚಮಚ ಸಕ್ಕರಿ ನೀರಾಗ ಕಲಿಸಿ ಕುಡಸರಿ, 15 ನಿಮಿಷಕ್ಕ ಮತ್ತ ಚೆಕ್ ಮಾಡ್ರಿ. ಎಚ್ಚರ ತಪ್ಪಿದ್ರ ಬಾಯಿಗೆ ಏನೂ ಹಾಕಬ್ಯಾಡ್ರಿ, ನೇರ ದವಾಖಾನಿ. ಇಂಥವರು ಊಟ ಬಿಡೂ ಬದಲಿ ಮೊಬೈಲ್ ಬಿಡಲಿ, ಟಿವಿ ಬಿಡಲಿ.

ನವಲಗುಂದ_ಜಮಖಾನ
ಸ್ವಲ್ಪ ದಾರಿ ಬಿಟ್ಟ ಮಾತು. 23ನೇ ಕೀರ್ತನೆ ಹಾಕೂದಾದ್ರ ಹಳೇ ಅನುವಾದನ ಹಾಕ್ರಿ: "ಯೆಹೋವನು ನನಗೆ ಕುರುಬನು." ಹೊಸಾ ಅನುವಾದದಾಗ "ಕುರಿಗಾಹಿ" ಅಂತ ಓದಿದ್ರ ನಮ್ಮ ಹಿರ್‍ಯಾರಿಗೆ ಬ್ಯಾರೆ ಯಾರದೋ ಮಾತು ಕೇಳಿದಂಗ ಆಗತೈತಿ. ಗದಗ, ಹಾವೇರಿ ರಸ್ತೆದಾಗ ಕಂಬಳಿ ಹೊತ್ತು, ಕೋಲು ಹಿಡದು ಹಿಂಡು ದಾಟಸೂ ಕುರುಬನ್ನ ನೋಡದವರು ಯಾರದಾರ? ಆ ಕೋಲಿನ ಕೆಲಸ ಎರಡು: ನಾಯಿ, ತ್ವಾಳ ಬಂದ್ರ ಹೊಡ್ಯಾಕ, ದಾರಿ ಬಿಟ್ಟ ಕುರಿನ ತಿರಗಸಾಕ. ಕೀರ್ತನೆಯೊಳಗೂ ದೊಣ್ಣಿ ಬ್ಯಾರೆ, ಕೋಲು ಬ್ಯಾರೆ ಅಂತನ ಐತಿ.

ಜಪಸರ_ಹುಬ್ಬಳ್ಳಿ
ನಮ್ಮ ಕಥೋಲಿಕ ಅನುವಾದದಲ್ಲಿ ಯೆಹೋವ ಎಂಬ ಹೆಸರು ಬರುವುದಿಲ್ಲ, ಮಾತುಗಳೂ ಬೇರೆ. ಎಲ್ಲರಿಗೂ ಒಂದೇ ಹಾಳೆ ಎಂದರೆ ಜಗಳವಾಗುತ್ತದೆ. ಮೊದಲೇ ಎರಡು ಬಗೆಯ ಅಚ್ಚು ಹಾಕಿಸಿ. ಮತ್ತೆ ಕೀರ್ತನೆಯ ಸಂಖ್ಯೆಯ ಬಗ್ಗೆ ಎಚ್ಚರ: ಹಳೆಯ ಲ್ಯಾಟಿನ್ ಎಣಿಕೆ ಅನುಸರಿಸುವ ಪ್ರಾರ್ಥನಾ ಪುಸ್ತಕಗಳಲ್ಲಿ 23 ಎನ್ನುವುದು 22 ಆಗಿರುತ್ತದೆ, 130 ಎನ್ನುವುದು 129. ಮೊದಲ ಸಾಲನ್ನೂ ಕೊಟ್ಟುಬಿಟ್ಟರೆ ಗೊಂದಲವಿಲ್ಲ.

ಸಾಧನಕೇರಿ
ಕುರುಬನ ಮಾತು ಬಂದಿದ್ದರಿಂದ ಒಂದನ್ನು ಗಮನಿಸಿ. 23ರ ಮೊದಲ ಮೂರು ವಚನಗಳಲ್ಲಿ ದೇವರು "ಆತನು". ನಾಲ್ಕನೇ ವಚನದಲ್ಲಿ ಕತ್ತಲೆಯ ಕಣಿವೆಗೆ ಇಳಿದ ಕೂಡಲೇ "ನೀನು" ಆಗುತ್ತಾನೆ. ದೇವರ ಬಗ್ಗೆ ಆಡುತ್ತಿದ್ದ ಮಾತು ಅಲ್ಲಿ ದೇವರ ಜೊತೆಗಿನ ಮಾತಾಯಿತು. ಹಾಳೆಯಲ್ಲಿ ಆ "ನೀನು" ಒಂದನ್ನು ದಪ್ಪ ಅಕ್ಷರದಲ್ಲಿ ಹಾಕಿಸಿ, ವಿವರಣೆ ಬೇಕಿಲ್ಲ.

ರೈಲ್ವೆ_ಕಾಲನಿ
ಭಾಳ ಸಲ ಓದೀನಿ, ಇದು ಕಣ್ಣಿಗೆ ಬಿದ್ದಿರಲಿಲ್ಲ.

ಹಾವೇರಿ_ಏಲಕ್ಕಿ
ಎಲ್ಲಾ ಸರಿ, ಆದ್ರ ಮುಖ್ಯ ಪ್ರಶ್ನೆ ಬಿಟ್ಟೀರಿ. ಪ್ರಾರ್ಥನಿ ಮಾಡಿದ್ರ ಪೇಶಂಟ್ ಆರಾಮ ಆಗತಾನೋ ಇಲ್ಲೋ? ಮಂದಿ ಕೇಳೂದು ಅದನ್ನ.

ಜೀವಜಲ_ಗೋಕುಲ
ಆಗತಾರ. ದೇವರಿಗೆ ಅಸಾಧ್ಯ ಇಲ್ಲ.

ವಾರ್ಡ್_ಸಿಸ್ಟರ್
ದೇವರಿಗೆ ಅಸಾಧ್ಯ ಇಲ್ಲ ಅನ್ನೂದು ಒಂದು ಮಾತು. "ನಿಮ್ಮವರು ಖಂಡಿತ ಆರಾಮ ಆಗತಾರ" ಅಂತ ಹೆಸರಿಟ್ಟು ಮಾತು ಕೊಡೂದು ಇನ್ನೊಂದು. ಎರಡನೇದ್ದನ್ನ ಯಾರೂ ಮಾಡಬಾರದು. ಪೇಶಂಟ್ ಹೋಗಿಬಿಟ್ರ ಉಳಿದವರಿಗೆ ದುಃಖದ ಮ್ಯಾಲೆ ವಿಶ್ವಾಸನೂ ಒಡೀತದ.

ಸಾಧನಕೇರಿ
ಲೆಕ್ಕದ ಮಾತೇ ಬೇಕಾದರೆ, 2006ರಲ್ಲಿ ಅಮೆರಿಕದ ಆರು ಆಸ್ಪತ್ರೆಗಳ 1,802 ಬೈಪಾಸ್ ರೋಗಿಗಳ ಅಧ್ಯಯನ ಪ್ರಕಟವಾಯಿತು. ಅಪರಿಚಿತರು ಪ್ರಾರ್ಥಿಸಿದ ಗುಂಪಿಗೂ ಪ್ರಾರ್ಥಿಸದ ಗುಂಪಿಗೂ ತೊಡಕಿನಲ್ಲಿ ವ್ಯತ್ಯಾಸ ಕಾಣಲಿಲ್ಲ, 52 ಮತ್ತು 51 ಪ್ರತಿಶತ. "ನಿಮಗಾಗಿ ಖಂಡಿತ ಪ್ರಾರ್ಥಿಸುತ್ತಿದ್ದಾರೆ" ಎಂದು ತಿಳಿಸಿದ ಗುಂಪಿನಲ್ಲಿ 59. ಇದನ್ನು ಪ್ರಾರ್ಥನೆ ಸುಳ್ಳು ಎನ್ನಲು ಹೇಳುತ್ತಿಲ್ಲ. ಪ್ರಾರ್ಥನೆಯನ್ನು ಗುಳಿಗೆಯ ಹಾಗೆ ಡೋಸ್ ಲೆಕ್ಕದಲ್ಲಿ ಅಳೆಯಲು ಹೊರಟರೆ ಕೈಗೆ ಏನೂ ಹತ್ತುವುದಿಲ್ಲ. ಪೌಲ ತನ್ನ ಶರೀರದ ಮುಳ್ಳು ಹೋಗಲಿ ಎಂದು ಮೂರು ಸಲ ಬೇಡಿದ, ಮುಳ್ಳು ಹೋಗಲಿಲ್ಲ, ಕೃಪೆ ಸಾಕು ಎಂಬ ಉತ್ತರ ಬಂತು. ಗೆತ್ಸೆಮನೆ ತೋಟದಲ್ಲಿ ಯೇಸು ತೊಲಗಲಿ ಎಂದು ಬೇಡಿದ ಸಂಕಟದ ಪಾತ್ರೆಯೂ ತೊಲಗಲಿಲ್ಲ. ಈ ಎರಡು ಪ್ರಾರ್ಥನೆಗಳನ್ನು ಬದಿಗಿಟ್ಟು ವಿಶ್ವಾಸ ಕಲಿಸಲು ಬರುವುದಿಲ್ಲ.

ಜೀವಜಲ_ಗೋಕುಲ
ಸರ್, ಯಾಕೋಬ 5:15 ಸತ್ಯವೇದದಾಗ ಇಲ್ಲೇನ್ರಿ? ವಿಶ್ವಾಸದ ಪ್ರಾರ್ಥನಿ ರೋಗಿನ್ನ ಉಳಸತೈತಿ ಅಂತ ಐತಿ. ಗುಣ ಬೇಡಬ್ಯಾಡ್ರಿ ಅಂತ ಹಾಳಿಯೊಳಗ ಬರದ್ರ ನಾ ಒಪ್ಪೂದಿಲ್ಲ.

ಸಾಧನಕೇರಿ
ಬೇಡಬೇಡಿ ಎಂದು ಯಾರೂ ಬರೆಯುವುದಿಲ್ಲ. ಯೇಸುವೇ ಬೇಡಿದ. ಧೈರ್ಯವಾಗಿ ಬೇಡಿ, ಆ ಖಾಲಿ ಗೆರೆಗಳಿರುವುದೇ ಅದಕ್ಕೆ. ಮಾತು ಕೊಡಬೇಡಿ ಅಷ್ಟೆ.

ಜೀವಜಲ_ಗೋಕುಲ
ಹಂಗಂದ್ರ ಸರಿ. ಇನ್ನೊಂದು, ಪ್ರಾರ್ಥನಿ ಮಾಡೀವಿ ಅಂತ ಗುಳಿಗಿ ನಿಲ್ಲಸಬಾರದು ಅನ್ನೂದನ್ನೂ ಅಚ್ಚು ಹಾಕ್ರಿ. ಅದರಾಗ ನನ್ನದೂ ತಕರಾರಿಲ್ಲ.

ಬೆಟಗೇರಿ_ಮಗ್ಗ
ಮತ್ತ "ಯಾವ ಪಾಪಕ್ಕ ಇದು ಬಂತೋ" ಅನ್ನೂ ಮಾತು ಭೆಟ್ಟಿಗೆ ಹೋದವರ ಬಾಯಾಗ ಬರಬಾರದು. ಯೋಹಾನ 9:3 ಓದ್ರಿ, ಹುಟ್ಟುಕುರುಡನ ವಿಷಯದಾಗ ಶಿಷ್ಯರು ಇದನ್ನ ಕೇಳಿದ್ದಕ್ಕ ಯೇಸು ಏನ ಹೇಳಿದ ಅಂತ. ಯೋಬನ ಗೆಳೆಯರು ಏಳು ಹಗಲು ಏಳು ರಾತ್ರಿ ಮಾತಿಲ್ಲದ ನೆಲದ ಮ್ಯಾಲೆ ಕುಂತಿದ್ರು, ಅಲ್ಲಿತನಕ ಅವರು ಚೊಲೋ ಗೆಳೆಯರ ಇದ್ರು. ಕೆಟ್ಟದ್ದು ಬಾಯಿ ತಗದ ಮ್ಯಾಲೆ.

ನವಲಗುಂದ_ಜಮಖಾನ
ಇದನ್ನ ತಂಡದವರ ಹಾಳಿಗೆ ಮೊದಲ ಸಾಲು ಮಾಡ್ರಿ.

ಹಾವೇರಿ_ಏಲಕ್ಕಿ
ಹಂಗಾರ ಸಮಾಧಾನ ಅಂದ್ರ ಏನ್ರಿ ಕಡೀಕ? ಪೇಶಂಟ್ ಹೆಂಗದಾನೋ ಗೊತ್ತಿಲ್ಲದಾಗ ಎಂಥಾ ಸಮಾಧಾನ?

ಧಾರವಾಡ_ಮಳಿ
ಫಿಲಿಪ್ಪಿ 4:6-7 ಪೌಲ ಬರದದ್ದು ಸೆರೆಮನಿಯಿಂದ. ತನ್ನ ಮುಂದ ಸಾವು ಅದನೋ ಬಿಡುಗಡಿ ಅದನೋ ಅವಗೂ ಗೊತ್ತಿರಲಿಲ್ಲ, ಮೊದಲ ಅಧ್ಯಾಯದಾಗ ಅದನ್ನ ಬರದಾನ. ಅಲ್ಲೆ ದೇವರ ಸಮಾಧಾನ ಹೃದಯಾನ ಕಾಯತದ ಅಂತ ಹೇಳ್ತಾನ. ಗ್ರೀಕಿನ್ಯಾಗ ಆ ಪದ ಊರಬಾಗಲದಾಗ ಸಿಪಾಯಿ ಕಾವಲು ನಿಲ್ಲೂದಕ್ಕ ಹೇಳೂ ಪದ. ಅಂದ್ರ ಸಮಾಧಾನ ಅನ್ನೂದು ಒಳಗ ಬರೂ ಒಂದು ತಂಪು ಅನಿಸಿಕಿ ಅಷ್ಟ ಅಲ್ಲ. ಒಳಗ ಗದ್ದಲ ಇದ್ದಾಗೂ ಹೊರಗ ಯಾರೋ ಕಾವಲದಾರ.

ನಮ್ಮ ಮಾತಿನ್ಯಾಗ ನೋಡ್ರಿ, ಹೊಲಾ ಕಾಯೂದೂ ಕಾಯೂದ, ದಾರಿ ಕಾಯೂದೂ ಕಾಯೂದ. ಜೋಳ ತೆನಿ ಕಟ್ಟಿದಾಗ ರಾತ್ರಿ ಹೊಲದಾಗ ಇದ್ದವ ಎರಡೂ ಮಾಡತಾನ: ಹಂದಿ ಬರದಂಗ ಕಾಯತಾನ, ಬೆಳಗಾಗೂದನ್ನ ಕಾಯತಾನ. 130ನೇ ಕೀರ್ತನೆ ಆರನೇ ವಚನದಾಗ ಅದ ಚಿತ್ರ ಅದ, ಕಾವಲುಗಾರ ಬೆಳಗಿಗೆ ಕಾಯೂದು, ಎರಡು ಸಲ. ಐಸಿಯು ಹೊರಗ ಕುಂತವರೂ ಕಾಯತಿರತಾರ. ಹಾಳಿಯ ಎರಡನೇ ಮಗ್ಗಲಿಗೆ 130 ಹಾಕ್ರಿ, ಎಂಟ ವಚನ, ರಾತ್ರಿ ಪಾಳಿಗೆ ಅಂತ ಶೀರ್ಷಿಕಿ ಕೊಡ್ರಿ.

ಭೆಟ್ಟಿತಂಡ_ಕೇಶ್ವಾಪುರ
ಮಳಿಯವರ, ಇದು ಹಾಳಿಗಿಂತ ಮೊದಲ ನಮ್ಮ ತಂಡಕ್ಕ ಬೇಕಾಗಿತ್ತು.

ರೈಲ್ವೆ_ಕಾಲನಿ
ರಾತ್ರಿ ಅಂದ್ರ ನೆನಪಾತು, ಮಲಗೂ ಮೊದಲ ಹೇಳಾಕ ಒಂದು ಸಣ್ಣದು ಬೇಕು. ಬೆಂಚಿನ ಮ್ಯಾಲೆ ನಿದ್ದಿ ಹತ್ತೂದಿಲ್ಲ.

ಜಪಸರ_ಹುಬ್ಬಳ್ಳಿ
4ನೇ ಕೀರ್ತನೆಯ ಕೊನೆಯ ವಚನ, ನೆಮ್ಮದಿಯಿಂದ ಮಲಗಿ ನಿದ್ರಿಸುವ ಮಾತು ಅಲ್ಲಿದೆ. ಅದಕ್ಕೆ ಮೊದಲು ಯೇಸುಸಭೆ ಕಟ್ಟಿದ ಸಂತ ಇಗ್ನೇಷಿಯಸ್ ಕಲಿಸಿದ ದಿನದ ಅವಲೋಕನವನ್ನು ಮೂರು ನಿಮಿಷಕ್ಕೆ ಇಳಿಸಿ. ಇವತ್ತು ಯಾರಾದರೂ ಮಾಡಿದ ಒಂದು ಉಪಕಾರ ನೆನೆದು ಧನ್ಯವಾದ, ಅದು ಯಾರೋ ತಂದ ಒಂದು ಕಪ್ ಚಹಾ ಆದರೂ ಆಗಬಹುದು. ಇವತ್ತು ಅತಿ ಭಾರವಾದ ಗಳಿಗೆ ಯಾವುದು, ಅದನ್ನು ಹಾಗೆಯೇ ದೇವರ ಮುಂದೆ ಇಡುವುದು. ಯಾರ ಮೇಲಾದರೂ ರೇಗಿದ್ದರೆ ಕ್ಷಮೆ. ನಾಳೆಗೆ ಒಂದೇ ಒಂದು ಕೆಲಸ.

ಅವರದೇ ಇನ್ನೊಂದು ನಿಯಮ ಹಾಳೆಯಲ್ಲಿ ಇರಲೇಬೇಕು: ಮನಸ್ಸು ಕತ್ತಲಲ್ಲಿದ್ದಾಗ ಹಿಂದೆ ಮಾಡಿದ ನಿರ್ಧಾರ ಬದಲಿಸಬೇಡ. ಹೊಲ ಮಾರುವುದು, ಹರಕೆ ಹೊರುವುದು, ಮನೆಯವರ ಜೊತೆ ಮಾತು ಬಿಡುವುದು, ಇವೆಲ್ಲ ಆ ಬೆಂಚಿನ ಮೇಲೆ ಕುಳಿತು ತೀರ್ಮಾನಿಸುವ ವಿಷಯಗಳಲ್ಲ. ಚಿಕಿತ್ಸೆಗೆ ಡಾಕ್ಟರ್ ಕೇಳುವ ಒಪ್ಪಿಗೆ ಬೇರೆ, ಅದಕ್ಕೆ ತಡ ಮಾಡಬಾರದು.

ವಾರ್ಡ್_ಸಿಸ್ಟರ್
ಕೆಳಗ ಒಂದು ಸಾಲು ಟೆಲಿ ಮಾನಸ್ (ಮನಸ್ಸಿನ ಆರೋಗ್ಯದ ಸರ್ಕಾರಿ ಸಹಾಯವಾಣಿ) ನಂಬರ್ ಹಾಕ್ರಿ, 14416. ಹಗಲು ರಾತ್ರಿ ಇರತದ, ರೊಕ್ಕ ಇಲ್ಲ, ಕನ್ನಡದಾಗ ಮಾತಾಡಬಹುದು. ಪೇಶಂಟ್ ಮನಿಗೆ ಬಂದ ಮ್ಯಾಲೂ ಎರಡು ವಾರ ದಾಟಿ ನಿದ್ದಿ ಇಲ್ಲ, ಊಟ ಇಲ್ಲ, ಸಾಯೂ ವಿಚಾರ ಬರತದ ಅಂದ್ರ ಧಾರವಾಡದ ಮಾನಸಿಕ ಆರೋಗ್ಯದ ದವಾಖಾನಿ ಡಿಮ್ಹಾನ್ಸ್‌ಗೆ ಕರಕೊಂಡು ಹೋಗ್ರಿ. ಸಾಯೂ ವಿಚಾರ ಬಂದಿದ್ರ ಎರಡು ವಾರ ಕಾಯಬ್ಯಾಡ್ರಿ, ಅವತ್ತ ಹೋಗ್ರಿ. ಅದು ವಿಶ್ವಾಸ ಕಮ್ಮಿ ಆದದ್ದಲ್ಲ.

ನವಲಗುಂದ_ಜಮಖಾನ
ವಾಟ್ಸ್ಯಾಪ್ ಪ್ರಾರ್ಥನಾ ಗುಂಪಿಗೂ ಒಂದು ನಿಯಮ ಬೇಕ್ರಿ. ರೋಗದ ಹೆಸರು, ರಿಪೋರ್ಟಿನ ಫೋಟೋ, ಹಾಸಿಗಿ ನಂಬರ್ ಹಾಕಬಾರದು. "ನಮ್ಮ ಒಬ್ಬ ತಾಯಿಗೆ ಆಪರೇಷನ್ ಐತಿ, ನಾಳೆ ಮುಂಜಾನೆ 9ಕ್ಕ" ಇಷ್ಟ ಸಾಕು. ಅದೂ ಮನಿಯವರ ಒಪ್ಪಿಗಿ ತಗೊಂಡು. ಮತ್ತ ಬಾಜೂ ಹಾಸಿಗಿಯ ಬ್ಯಾರೆ ಧರ್ಮದವರ ಹತ್ರ ಕೇಳದ ಪ್ರಾರ್ಥನಿ ಮಾಡಾಕ ಹೋಗಬಾರದು. ಚಹಾ ತಂದು ಕೊಡ್ರಿ, ಅದಕ್ಕ ಯಾರೂ ಬ್ಯಾಡ ಅನ್ನೂದಿಲ್ಲ.

ಭೆಟ್ಟಿತಂಡ_ಕೇಶ್ವಾಪುರ
ಎಲ್ಲಾರಿಗೂ ಭಾಳ ಉಪಕಾರ್ರಿ. ಮುಂದಿನ ಮಗ್ಗಲು: 13ನೇ ಕೀರ್ತನೆ, ಯೇಸು ಪ್ರಾರ್ಥನಿ, ಖಾಲಿ ಗೆರಿ. ಹಿಂದಿನ ಮಗ್ಗಲು: 130, 23, ಮಲಗೂವಾಗಿನದು, ಟೆಲಿ ಮಾನಸ್. ಅಕ್ಷರ 12 ಪಾಯಿಂಟ್ ಇಟ್ರ ಎಲ್ಲಾ ಹಿಡಿಸ್ತೈತಿ.

ಬೆಟಗೇರಿ_ಮಗ್ಗ
12 ಸಣ್ಣದಾತ್ರಿ. ರಾತ್ರಿ ಕಾರಿಡಾರ್ ದೀಪದಾಗ, ಚಾಳೀಸ್ ಮನಿಯಾಗ ಬಿಟ್ಟು ಬಂದವರಿಗೆ 16 ಬೇಕು. ಜಾಗಾ ಸಾಲದಿದ್ರ 23 ತಗೀರಿ, ಅದು ಹೆಂಗೂ ಬಾಯಿಪಾಠ ಐತಿ, "ನೀನು" ಇರೋ ನಾಕನೇ ವಚನ ಒಂದ ಉಳಸರಿ.

ಸಾಧನಕೇರಿ
13 ಮಾತ್ರ ಒಂದೇ ಮಗ್ಗುಲಲ್ಲಿ ಪೂರ್ತಿ ಇರಲಿ. ಐದನೇ ವಚನಕ್ಕೆ ಹಾಳೆ ತಿರುವಬೇಕಾಗಬಾರದು, ಕೆಲವರು ತಿರುವುವುದೇ ಇಲ್ಲ.

ಭೆಟ್ಟಿತಂಡ_ಕೇಶ್ವಾಪುರ
ಆಗಲ್ರಿ. ಶನಿವಾರ ಪ್ರೆಸ್ಸಿಗೆ ಕೊಡತೀವಿ, ಅದಕ್ಕಿಂತ ಮೊದಲ ಕರಡು ಇಲ್ಲೆ ಹಾಕತೀನಿ. ಅಕ್ಷರ ತಪ್ಪು ಕಂಡ್ರ ಹೇಳ್ರಿ.